ಒಂದು ಕಿರಿಯರ ಹಾಕಿ ತಂಡ ಮತ್ತು ಅದರ ಹುಡುಗರು

(ಸಂಘದ ವಾರ್ಷಿಕ ಸಮಾರಂಭದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



"ಕ್ರೀಡೆ ಮತ್ತು ವಿದ್ಯಾರ್ಥಿ" ಎಂಬ ವಿಷಯದ ಬಗ್ಗೆ ಮಾತನಾಡಬೇಕೆಂದು ಕಾರ್ಯದರ್ಶಿಗಳು ಹೇಳಿದ್ದಾರೆ. ಆಟದಿಂದ ದೇಹಕ್ಕೆ ಏನು ಲಾಭ, ಶಿಸ್ತಿಗೆ ಏನು ಲಾಭ ಎಂಬುದನ್ನು ನೀವು ಪ್ರಬಂಧಗಳಲ್ಲಿ ಬರೆದು ಬರೆದು ಸಾಕಾಗಿರುತ್ತೀರಿ, ನಾನು ತಿದ್ದಿ ತಿದ್ದಿ ಸಾಕಾಗಿದ್ದೇನೆ. ಆದ್ದರಿಂದ ಅದನ್ನು ಬಿಟ್ಟು, ದೂರದ ಕೆನಡಾ ದೇಶದ ಒಂದು ತಂಡದ ಕಥೆ ಹೇಳುತ್ತೇನೆ. ಕಥೆ ಎಂದೆನಾದರೂ ಇದರಲ್ಲಿ ಕಟ್ಟಿದ್ದು ಏನೂ ಇಲ್ಲ, ಎಲ್ಲವೂ ನಡೆದದ್ದೇ.

ಹಾಕಿ ಎಂದ ಕೂಡಲೇ ನಮಗೆ ಕೊಡಗು ನೆನಪಾಗುತ್ತದೆ, ಹಸಿರು ಮೈದಾನ ನೆನಪಾಗುತ್ತದೆ. ಕೆನಡಾದಲ್ಲಿ ಹಾಕಿ ಎಂದರೆ ಮಂಜುಗಡ್ಡೆಯ ಮೇಲಿನ ಆಟ. ಕಾಲಿಗೆ ಉಕ್ಕಿನ ಅಲಗಿರುವ ಬೂಟು, ಚೆಂಡಿನ ಬದಲು ರಬ್ಬರಿನ ಚಪ್ಪಟೆ ಬಿಲ್ಲೆ, ಒಂದು ಕಡೆಗೆ ಗೋಲಿಯೂ ಸೇರಿ ಆರು ಮಂದಿ. ನಮ್ಮಲ್ಲಿ ಗಲ್ಲಿಗೊಂದು ಕ್ರಿಕೆಟ್ ತಂಡ ಇರುವ ಹಾಗೆ ಅಲ್ಲಿ ಊರಿಗೊಂದು ಐಸ್ ಹಾಕಿ ತಂಡ. ಚೆನ್ನಾಗಿ ಆಡುವ ಹುಡುಗರು ಹದಿನಾರನೆಯ ವಯಸ್ಸಿನ ಹೊತ್ತಿಗೆ ಕಿರಿಯರ ಲೀಗ್ ಸೇರುತ್ತಾರೆ, ಇಪ್ಪತ್ತರವರೆಗೆ ಆಡುತ್ತಾರೆ. ಅವರಲ್ಲಿ ಕೆಲವೇ ಮಂದಿಗೆ ದೊಡ್ಡವರ ಲೀಗಿನಲ್ಲಿ, ಅಂದರೆ ಎನ್‌ಎಚ್‌ಎಲ್‌ನಲ್ಲಿ, ಜಾಗ ಸಿಗುತ್ತದೆ.

ಇದಕ್ಕಾಗಿ ಹುಡುಗರು ತಂದೆತಾಯಿಯನ್ನು ಬಿಟ್ಟು ಬೇರೆ ಊರಿಗೆ ಹೋಗಬೇಕು. ಅಲ್ಲಿ ಹಾಸ್ಟೆಲ್ ಇರುವುದಿಲ್ಲ. ಊರಿನ ಯಾವುದೋ ಕುಟುಂಬ ಹುಡುಗನನ್ನು ತನ್ನ ಮನೆಯಲ್ಲಿ ಇಟ್ಟುಕೊಂಡು ಊಟ ಹಾಕಿ ಶಾಲೆಗೆ ಕಳಿಸುತ್ತದೆ. ಯಾರು ಆಡಬೇಕು, ಯಾರು ಬೆಂಚಿನ ಮೇಲೆ ಕೂರಬೇಕು, ಯಾರ ಹೆಸರನ್ನು ಮೇಲಿನವರಿಗೆ ಶಿಫಾರಸು ಮಾಡಬೇಕು ಎಂಬುದೆಲ್ಲ ತರಬೇತುದಾರನ ಕೈಯಲ್ಲಿ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಸ್ವಿಫ್ಟ್ ಕರೆಂಟ್ ಎಂಬುದು ಸಸ್ಕಾಚುವಾನ್ ಪ್ರಾಂತ್ಯದ ಒಂದು ಸಣ್ಣ ಪಟ್ಟಣ. ಸುತ್ತ ಗೋಧಿ ಬೆಳೆಯುವ ಬಯಲು. ಅಲ್ಲಿನ ತಂಡದ ಹೆಸರು ಬ್ರಾಂಕೋಸ್. ಕೆಲವು ವರ್ಷ ಬೇರೆ ಊರಿನಲ್ಲಿದ್ದ ಈ ತಂಡ 1986ರಲ್ಲಿ ತವರಿಗೆ ಮರಳಿ ಬಂದಿತ್ತು. ಊರಿಗೆಲ್ಲ ಸಂಭ್ರಮ.

ಅದೇ ವರ್ಷ ಡಿಸೆಂಬರ್ 30ರಂದು ತಂಡ ರೆಜೈನಾ ನಗರದಲ್ಲಿ ಪಂದ್ಯ ಆಡಲು ಬಸ್ಸಿನಲ್ಲಿ ಹೊರಟಿತು. ಚಳಿಗಾಲದಲ್ಲಿ ಅಲ್ಲಿನ ಡಾಂಬರು ರಸ್ತೆಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ನೀರು ಹೆಪ್ಪುಗಟ್ಟುತ್ತದೆ. ಊರು ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಸ್ಸು ಅಂಥ ಜಾಗದಲ್ಲಿ ಜಾರಿ ಹಿಡಿತ ತಪ್ಪಿ ಉರುಳಿತು. ಹಿಂದಿನ ಸೀಟುಗಳಲ್ಲಿ ಕೂತು ಇಸ್ಪೀಟು ಆಡುತ್ತಿದ್ದ ನಾಲ್ವರು ಹುಡುಗರು ತೀರಿಕೊಂಡರು. ಟ್ರೆಂಟ್ ಕ್ರೆಸ್ಸೆ, ಸ್ಕಾಟ್ ಕ್ರೂಗರ್, ಕ್ರಿಸ್ ಮಂಟೀಕಾ, ಬ್ರೆಂಟ್ ರಫ್. ಬ್ರೆಂಟ್‌ಗೆ ಕೇವಲ ಹದಿನಾರು ವರ್ಷ. ಅವನ ಅಣ್ಣ ಲಿಂಡಿ ರಫ್ ಆಗ ಎನ್‌ಎಚ್‌ಎಲ್ ಆಟಗಾರ, ಮುಂದೆ ಹೆಸರಾಂತ ತರಬೇತುದಾರ.

ಉಳಿದ ಹುಡುಗರಿಗೆ ಹದಿನೇಳು, ಹದಿನೆಂಟರ ಪ್ರಾಯ. ಗೆಳೆಯರ ಸಾವನ್ನು ಕಣ್ಣಾರೆ ಕಂಡವರು. ಅವರನ್ನು ಕೂರಿಸಿ ಮಾತನಾಡಿಸಲು ಮನಶ್ಶಾಸ್ತ್ರ ಬಲ್ಲವರನ್ನು ಯಾರೂ ಕರೆಯಲಿಲ್ಲ. ಹೊರಗಿನವರು ಬೇಡ, ನಮ್ಮದನ್ನು ನಾವೇ ನೋಡಿಕೊಳ್ಳುತ್ತೇವೆ ಎಂಬುದು ತರಬೇತುದಾರ ಗ್ರಹಾಂ ಜೇಮ್ಸ್‌ನ ನಿಲುವಾಗಿತ್ತು ಎಂದು ಬದುಕುಳಿದವರು ಎಷ್ಟೋ ವರ್ಷಗಳ ನಂತರ ಹೇಳಿದ್ದಾರೆ. ಹುಡುಗರು ಮತ್ತೆ ಮಂಜಿಗೆ ಇಳಿದರು. ಅಂಗಿಯ ತೋಳಿನ ಮೇಲೆ ನಾಲ್ಕು ಎಸಳಿನ ಕ್ಲೋವರ್ ಎಲೆಯ ಗುರುತು, ತೀರಿಹೋದ ಒಬ್ಬೊಬ್ಬ ಹುಡುಗನಿಗೆ ಒಂದೊಂದು ಎಸಳು. ಆ ಲೀಗ್ ತನ್ನ ವರ್ಷದ ಶ್ರೇಷ್ಠ ಆಟಗಾರನ ಪ್ರಶಸ್ತಿಗೆ ಈ ನಾಲ್ವರ ನೆನಪಿನ ಹೆಸರನ್ನೇ ಇಟ್ಟಿತು.

ಎರಡೂವರೆ ವರ್ಷದ ಒಳಗೆ, 1989ರ ಮೇ ತಿಂಗಳಲ್ಲಿ, ಈ ತಂಡ ಕೆನಡಾದ ಕಿರಿಯರ ಅತ್ಯುನ್ನತ ಬಹುಮಾನವಾದ ಮೆಮೋರಿಯಲ್ ಕಪ್ ಗೆದ್ದಿತು. ಆ ವರ್ಷದ ಲೀಗ್ ಪ್ಲೇಆಫ್‌ನಲ್ಲಿ ಹನ್ನೆರಡಕ್ಕೆ ಹನ್ನೆರಡೂ ಪಂದ್ಯ ಗೆದ್ದು ಬಂದಿದ್ದರು. ಫೈನಲ್ ನಡೆದದ್ದು ಸಸ್ಕಾಟೂನ್‌ನಲ್ಲಿ, ಎದುರಾಳಿ ಅದೇ ಊರಿನ ತಂಡ. ಹೆಚ್ಚುವರಿ ಸಮಯದಲ್ಲಿ ಟಿಮ್ ಟಿಸ್ಡೇಲ್ ಹೊಡೆದ ಗೋಲಿನಿಂದ ಬ್ರಾಂಕೋಸ್ 4-3ರಲ್ಲಿ ಗೆದ್ದಿತು. ತೀರಿಹೋದ ಸ್ಕಾಟ್ ಕ್ರೂಗರ್‌ನ ಇಬ್ಬರು ತಮ್ಮಂದಿರು, ಟ್ರೆವರ್ ಮತ್ತು ಡ್ಯಾರೆನ್, ಆ ತಂಡದಲ್ಲಿದ್ದರು.

ಈ ಹುಡುಗರು ಮುಂದೆ ಏನಾದರು ಎಂದು ನೀವು ಕೇಳುವುದು ಸಹಜ. ಎಲ್ಲರಿಗಿಂತ ಎತ್ತರಕ್ಕೆ ಏರಿದವರು ಜೋ ಸಾಕಿಕ್. ಅಪಘಾತದ ಬಸ್ಸಿನಲ್ಲಿ ಇದ್ದ ಹದಿನೇಳರ ಹುಡುಗ. ಕ್ರೊಯೇಷಿಯಾದಿಂದ ವಲಸೆ ಬಂದವರ ಮಗ, ಮನೆಯಲ್ಲಿ ಮಾತು ಕ್ರೊಯೇಷಿಯನ್. ಬಾಲವಾಡಿಗೆ ಹೋಗುವವರೆಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. (ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಪರೀಕ್ಷೆಯಲ್ಲಿ ಇಂಗ್ಲಿಷ್ ಎಂದು ಗೊಣಗುವ ನಮ್ಮ ಮಕ್ಕಳು ಇದನ್ನು ಗಮನಿಸಬೇಕು.) 1987-88ರಲ್ಲಿ ಬ್ರಾಂಕೋಸ್ ಪರ 78 ಗೋಲು ಹೊಡೆದು, ಆ ನಾಲ್ವರ ಹೆಸರಿನ ಪ್ರಶಸ್ತಿಯನ್ನು ಪಡೆದು, ಕಪ್ ಗೆಲ್ಲುವ ಮೊದಲೇ ಎನ್‌ಎಚ್‌ಎಲ್‌ಗೆ ಹೋದರು. ಅಲ್ಲಿ 625 ಗೋಲು. ಕೊಲರಾಡೊ ತಂಡದ ನಾಯಕರಾಗಿ 1996 ಮತ್ತು 2001ರಲ್ಲಿ ಸ್ಟಾನ್ಲಿ ಕಪ್, 2002ರ ಒಲಿಂಪಿಕ್ಸ್‌ನಲ್ಲಿ ಕೆನಡಾಕ್ಕೆ ಚಿನ್ನ. 2022ರಲ್ಲಿ ಅದೇ ಕೊಲರಾಡೊ ಮತ್ತೆ ಕಪ್ ಗೆದ್ದಾಗ ತಂಡವನ್ನು ಕಟ್ಟಿದ ಜನರಲ್ ಮ್ಯಾನೇಜರ್ ಅವರೇ. ಅಪಘಾತದ ಬಗ್ಗೆ ಮಾತ್ರ ಅವರು ಮಾತನಾಡುವುದು ಬಹಳ ವಿರಳ.

ಕಪ್ಪಿನ ಗೋಲು ಹೊಡೆದ ಟಿಸ್ಡೇಲ್‌ಗೆ ಎನ್‌ಎಚ್‌ಎಲ್‌ನಲ್ಲಿ ಒಂದು ಪಂದ್ಯವೂ ಸಿಗಲಿಲ್ಲ. ಬಾಬ್ ವಿಲ್ಕಿ ಆಡಿದ್ದು ಹದಿನೆಂಟು ಪಂದ್ಯ. ಆಮೇಲೆ ಅಪಘಾತದ ಬಗ್ಗೆ ಇತರರೊಂದಿಗೆ ಸೇರಿ ಪುಸ್ತಕ ಬರೆದರು. ಪೀಟರ್ ಸೋಬರ್ಲಾಕ್‌ನನ್ನು 1987ರಲ್ಲಿ ಎಡ್ಮಂಟನ್ ತಂಡ ಮೊದಲ ಸುತ್ತಿನಲ್ಲೇ ಆರಿಸಿತ್ತು, ಆದರೆ ಅಲ್ಲಿ ಆಡುವ ಯೋಗ ಬರಲಿಲ್ಲ. ಅವರು ಮತ್ತೆ ಓದಿಗೆ ಕುಳಿತು, ಕ್ರೀಡಾ ಮನಶ್ಶಾಸ್ತ್ರ ಕಲಿತು ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ಯಾವ ವಿಷಯವನ್ನು ಆರಿಸಿಕೊಂಡರು ನೋಡಿ! ಡ್ಯಾನ್ ಲ್ಯಾಂಬರ್ಟ್ ತರಬೇತುದಾರರಾಗಿ 2015ರಲ್ಲಿ ಕೆಲೋನಾ ತಂಡಕ್ಕೆ ಅದೇ ಕಿರಿಯರ ಲೀಗಿನ ಪ್ರಶಸ್ತಿ ತಂದುಕೊಟ್ಟರು.

ಇಲ್ಲಿಗೆ ಮುಗಿಸಿದ್ದರೆ ಇದು ಶಾಲಾ ವಾರ್ಷಿಕೋತ್ಸವಕ್ಕೆ ಹೇಳಿ ಮಾಡಿಸಿದ ಕಥೆ. ದುಃಖವನ್ನು ಮೆಟ್ಟಿ ನಿಂತ ಹುಡುಗರು, ಅವರನ್ನು ಕೈಹಿಡಿದು ನಡೆಸಿದ ಗುರು. ಕೆನಡಾದಲ್ಲಿಯೂ ಹಾಗೆಯೇ ಹೇಳಿದರು. 1989ರಲ್ಲಿ ಅಲ್ಲಿನ ಪ್ರಮುಖ ಹಾಕಿ ಪತ್ರಿಕೆ ಗ್ರಹಾಂ ಜೇಮ್ಸ್‌ನನ್ನು ವರ್ಷದ ವ್ಯಕ್ತಿ ಎಂದು ಸಾರಿತು.

ಆ ತಂಡದಲ್ಲಿ ಷೆಲ್ಡನ್ ಕೆನೆಡಿ ಎಂಬ ಹುಡುಗ ಇದ್ದ. ಮ್ಯಾನಿಟೋಬಾದ ಹೊಲಮನೆಯಲ್ಲಿ ಬೆಳೆದವನು, ಬಹಳ ಚುರುಕು. ಬಸ್ಸಿನಲ್ಲಿ ಬದುಕುಳಿದ, ಕಪ್ ಗೆದ್ದ, ದೊಡ್ಡವರ ಲೀಗಿನಲ್ಲಿ ಮೂರು ತಂಡಗಳಿಗೆ 310 ಪಂದ್ಯ ಆಡಿದ. ಆದರೆ ಕುಡಿತ, ಮಾದಕ ವಸ್ತು, ಜಗಳ. ಇಷ್ಟು ಪ್ರತಿಭೆ ಇದ್ದೂ ಹಾಳಾಗುತ್ತಿದ್ದಾನಲ್ಲ ಎಂದು ಎಲ್ಲರೂ ಅವನನ್ನೇ ದೂರಿದರು. 1996ರಲ್ಲಿ ಅವರು ಪೊಲೀಸರ ಮುಂದೆ ಬಾಯಿಬಿಟ್ಟರು. ಹದಿನಾಲ್ಕನೆಯ ವಯಸ್ಸಿನಿಂದ ತರಬೇತುದಾರ ಜೇಮ್ಸ್ ತಮ್ಮ ಮೇಲೆ ಲೈಂಗಿಕ ದೌರ್ಜನ್ಯ ನಡೆಸುತ್ತಿದ್ದ ಎಂದು. 1997ರ ಜನವರಿಯಲ್ಲಿ ಜೇಮ್ಸ್ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. ಇಬ್ಬರು ಆಟಗಾರರ ಮೇಲೆ ಮುನ್ನೂರೈವತ್ತಕ್ಕೂ ಹೆಚ್ಚು ಸಲ. ಶಿಕ್ಷೆ ಮೂರೂವರೆ ವರ್ಷ.

ಹಿರಿಯರೇ, ಮಕ್ಕಳ ಮುಂದೆ ಇದನ್ನು ಹೇಳಬಹುದೇ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸುತ್ತಿರಬಹುದು. ಮಕ್ಕಳ ಮುಂದೆಯೇ ಹೇಳಬೇಕು ಎಂಬುದು ನನ್ನ ಅಭಿಪ್ರಾಯ. ಆ ಊರಿನಲ್ಲಿ ಯಾರೂ ಹೇಳದೆ ಇದ್ದದ್ದೇ ಜೇಮ್ಸ್‌ಗೆ ಆಸರೆಯಾಯಿತು. ಅವನು ಗೆಲ್ಲುತ್ತಿದ್ದ, ಆದ್ದರಿಂದ ಪ್ರಶ್ನೆ ಇರಲಿಲ್ಲ. ಹುಡುಗನ ಭವಿಷ್ಯ ಅವನ ಕೈಯಲ್ಲಿತ್ತು, ಆದ್ದರಿಂದ ಹುಡುಗ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟರೂ ನಂಬುವವರಾರು? ಮನಶ್ಶಾಸ್ತ್ರಜ್ಞರು ಒಬ್ಬೊಬ್ಬ ಹುಡುಗನನ್ನೂ ಪ್ರತ್ಯೇಕವಾಗಿ ಕೂರಿಸಿ ಕೇಳಿದ್ದರೆ ಏನೇನು ಹೊರಬರುತ್ತಿತ್ತೋ. ಹೊರಗಿನವರು ಬೇಡ ಎಂದ ಆ ಮಾತಿನ ಅರ್ಥ ಈಗ ನಿಮಗೆ ಬೇರೆಯಾಗಿ ಕೇಳಿಸುತ್ತಿರಬೇಕು.

'ಅಮಾನತ್' ಎಂಬ ಪದ ನಮ್ಮ ಉರ್ದುವಿನಲ್ಲಿ ನಂಬಿ ಒಪ್ಪಿಸಿದ ವಸ್ತುವಿಗೆ ಹೇಳುವುದು. ಅದೇ ಪದ ಕನ್ನಡಕ್ಕೆ ಬಂದು 'ಅಮಾನತು' ಆಗಿ, ನೌಕರನನ್ನು ಕೆಲಸದಿಂದ ತಡೆಹಿಡಿಯುವುದಕ್ಕೆ ಬಳಕೆಯಾಗುತ್ತಿದೆ. ಎರಡು ಭಾಷೆ ಕಲಿಸುವವನಾದ ನನಗೆ ಇದು ಯಾವಾಗಲೂ ತಮಾಷೆ ಎನಿಸುತ್ತಿತ್ತು. ಈ ತಂಡದ ಕಥೆ ಓದಿದ ಮೇಲೆ, ಮೊದಲನೆಯ ಅರ್ಥವನ್ನು ಕೆಡಿಸಿದವನಿಗೆ ಎರಡನೆಯದು ತಕ್ಷಣ ಅನ್ವಯವಾಗಬೇಕಿತ್ತು ಎನ್ನಿಸಿತು. ಆಗಲಿಲ್ಲ. 2007ರಲ್ಲಿ ಕೆನಡಾದ ಕಾನೂನಿನ ಪ್ರಕಾರ ಜೇಮ್ಸ್‌ಗೆ ಸದ್ದಿಲ್ಲದೆ ಕ್ಷಮಾದಾನ ಸಿಕ್ಕಿತು, 2010ರಲ್ಲಿ ಸುದ್ದಿ ಹೊರಬಂದಾಗ ದೇಶವೆಲ್ಲ ರೇಗಿತು. ಅಷ್ಟರಲ್ಲಿ ಥಿಯೋ ಫ್ಲೂರಿ ಎಂಬ ಇನ್ನೊಬ್ಬ ಖ್ಯಾತ ಆಟಗಾರರು ತಮಗಾದದ್ದನ್ನು ಪುಸ್ತಕದಲ್ಲಿ ಬರೆದಿದ್ದರು. ಹೊಸ ಮೊಕದ್ದಮೆಯಲ್ಲಿ 2012ರಲ್ಲಿ ಎರಡು ವರ್ಷ ಶಿಕ್ಷೆಯಾಗಿ, 2013ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ಐದಕ್ಕೆ ಏರಿಸಿತು. 2015ರಲ್ಲಿ ಮತ್ತೊಬ್ಬ ಹಳೆಯ ಆಟಗಾರನ ದೂರಿನ ಮೇಲೆ ಇನ್ನೂ ಎರಡು ವರ್ಷ. ಮಕ್ಕಳ ಮೇಲೆ ಇಂಥ ಅಪರಾಧ ಎಸಗಿದವರಿಗೆ ಆ ಬಗೆಯ ಕ್ಷಮಾದಾನ ಸಿಗದಂತೆ 2012ರಲ್ಲಿ ಕಾನೂನನ್ನೇ ಬದಲಿಸಿದರು.

ಕೆನೆಡಿಯವರ ನಿಜವಾದ ವೃತ್ತಿ ಆಟ ಬಿಟ್ಟ ಮೇಲೆ ಶುರುವಾಯಿತು ಎನ್ನಬೇಕು. 1998ರಲ್ಲಿ ಅವರು ಗಾಲಿಬೂಟು ಕಟ್ಟಿಕೊಂಡು ಕೆನಡಾದ ಪೂರ್ವ ತುದಿಯಿಂದ ಪಶ್ಚಿಮ ತುದಿಯವರೆಗೆ ಹೋದರು. ದಾರಿಯುದ್ದಕ್ಕೂ ಊರೂರಿನಲ್ಲಿ ಜನ ಬಂದು, ನನಗೂ ಹೀಗಾಗಿತ್ತು ಎಂದು ಹೇಳಿಕೊಂಡರು. 2004ರಲ್ಲಿ ಗೆಳೆಯರೊಬ್ಬರ ಜೊತೆ ಸೇರಿ ತರಬೇತುದಾರರಿಗೆ ಪಾಠ ಮಾಡುವ ಸಂಸ್ಥೆ ಕಟ್ಟಿದರು. ಇಂದು ಅಲ್ಲಿನ ಅನೇಕ ಪ್ರಾಂತ್ಯಗಳಲ್ಲಿ ಮಗ ಹಾಕಿ ತಂಡ ಸೇರಬೇಕಾದರೆ ತಂದೆಯೋ ತಾಯಿಯೋ ಆ ಪಾಠ ಮುಗಿಸಿರಬೇಕು. 2013ರಲ್ಲಿ ಕ್ಯಾಲ್ಗರಿ ನಗರದಲ್ಲಿ ಅವರ ಹೆಸರಿನಲ್ಲಿ ಒಂದು ಕೇಂದ್ರ ತೆರೆಯಿತು. ಪೊಲೀಸರು, ವೈದ್ಯರು, ಸಮಾಜ ಕಾರ್ಯಕರ್ತರು ಎಲ್ಲರೂ ಒಂದೇ ಸೂರಿನಡಿ. ನೊಂದ ಮಗು ಒಂದೊಂದು ಕಚೇರಿಯ ಮುಂದೆಯೂ ಅದೇ ಮಾತನ್ನು ಮತ್ತೆ ಮತ್ತೆ ಹೇಳುವ ಹಿಂಸೆ ತಪ್ಪಲಿ ಎಂದು ಈ ಏರ್ಪಾಡು.

2018ರ ಏಪ್ರಿಲ್ 6ರಂದು ಅದೇ ಸಸ್ಕಾಚುವಾನ್‌ನಲ್ಲಿ ಹಂಬೋಲ್ಟ್ ಎಂಬ ಊರಿನ ಕಿರಿಯರ ತಂಡದ ಬಸ್ಸಿಗೆ ಲಾರಿ ಅಡ್ಡ ಬಂದು ಹದಿನಾರು ಮಂದಿ ಸತ್ತರು. ಆ ತಂಡದ ಹೆಸರೂ ಬ್ರಾಂಕೋಸ್. ಕೆಲವೇ ದಿನಗಳಲ್ಲಿ ಕೆನೆಡಿ, ವಿಲ್ಕಿ, ಸೋಬರ್ಲಾಕ್, ಡ್ಯಾರೆನ್ ಕ್ರೂಗರ್ ನಾಲ್ವರೂ ಅಲ್ಲಿಗೆ ಹೋದರು. 1986ರಲ್ಲಿ ತಮ್ಮ ಬಳಿಗೆ ಯಾರು ಬರಬೇಕಿತ್ತೋ ಆ ಕೆಲಸವನ್ನು ಮೂವತ್ತೊಂದು ವರ್ಷದ ಮೇಲೆ ತಾವೇ ಮಾಡಿದರು. ಸಾಕಿಕ್ ಅವರ 625 ಗೋಲುಗಳ ಮುಂದೆ ನಾನು ಇದನ್ನು ಒಂದು ತೂಕ ಹೆಚ್ಚೇ ಇಡುತ್ತೇನೆ.

ಇನ್ನು ನಮ್ಮ ವಿಷಯ. ನಮ್ಮ ಮಕ್ಕಳೂ ಹಾಸ್ಟೆಲ್ಲಿಗೆ, ಮದರಸಾಕ್ಕೆ, ಟ್ಯೂಷನ್ನಿಗೆ, ಕ್ರೀಡಾ ಶಿಬಿರಕ್ಕೆ ಹೋಗುತ್ತಾರೆ. ಫಲಿತಾಂಶ ನೂರಕ್ಕೆ ನೂರು ಬಂದರೆ ನಾವು ಶಾಲು ಹೊದಿಸುತ್ತೇವೆ. ಶಾಲು ಹೊದಿಸುವುದು ತಪ್ಪಲ್ಲ, ನಾನೂ ಶಿಕ್ಷಕನೇ. ಆದರೆ ಶಿಕ್ಷಕರನ್ನು ಗೌರವಿಸುವುದು ಬೇರೆ, ಮಗುವಿನ ಮಾತಿಗೆ ಕಿವಿ ಮುಚ್ಚಿಕೊಳ್ಳುವುದು ಬೇರೆ. "ಉಸ್ತಾದರ ಬಗ್ಗೆ ಹಾಗೆಲ್ಲ ಮಾತಾಡ್ತಾರೇನೋ" ಎಂದು ಒಂದು ಸಲ ಗದರಿದರೆ ಮಗು ಎರಡನೆಯ ಸಲ ಹೇಳುವುದಿಲ್ಲ. ಗಂಡು ಮಕ್ಕಳಿಗೆ ಏನೂ ಆಗುವುದಿಲ್ಲ ಎಂಬ ಭ್ರಮೆಯನ್ನೂ ಬಿಡಬೇಕು. ನಮ್ಮ ದೇಶದ 2012ರ ಪೋಕ್ಸೋ ಕಾಯ್ದೆ ಹದಿನೆಂಟರೊಳಗಿನ ಎಲ್ಲ ಮಕ್ಕಳಿಗೂ, ಹುಡುಗ ಹುಡುಗಿ ಎಂಬ ಭೇದವಿಲ್ಲದೆ, ಅನ್ವಯಿಸುತ್ತದೆ. ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಅದೂ ಅಪರಾಧ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಸಂಸ್ಥೆಯ ಮಾನ ಉಳಿಸಲು ಮುಚ್ಚಿಟ್ಟೆವು ಎಂಬ ನೆಪ ನಡೆಯುವುದಿಲ್ಲ.

ವಿದ್ಯಾರ್ಥಿಗಳೇ, ನಿಮಗೆ ಒಂದೇ ಮಾತು. ದೊಡ್ಡವರು ಯಾರೇ ಆಗಲಿ, ಮನೆಯವರಿಗೆ ಹೇಳಬೇಡ ಎಂದು ಗುಟ್ಟು ಮಾಡಿಸಿದರೆ ಅದನ್ನೇ ಮೊದಲು ಮನೆಯಲ್ಲಿ ಹೇಳಿ. ಅಮ್ಮಿ ನಂಬದಿದ್ದರೆ ಅಬ್ಬಾಗೆ, ಅವರೂ ನಂಬದಿದ್ದರೆ ಖಾಲಾಗೆ, ನಾನಿಗೆ, ನಿಮಗೆ ಹಿಡಿಸುವ ಟೀಚರಿಗೆ. ಯಾರೂ ಕೇಳದಿದ್ದರೆ 1098ಕ್ಕೆ ಫೋನ್ ಮಾಡಿ, ಹಣ ಬೇಕಾಗಿಲ್ಲ. ಈ ಸಂಖ್ಯೆಯನ್ನು ಕನ್ನಡ ಮತ್ತು ಉರ್ದು ಎರಡರಲ್ಲೂ ದಪ್ಪ ಅಕ್ಷರದಲ್ಲಿ ಬರೆಸಿ ತಂದಿದ್ದೇನೆ. ಹಾಳೆಗಳು ಬಾಗಿಲ ಬಳಿಯ ಮೇಜಿನ ಮೇಲಿವೆ. ಹಾಸ್ಟೆಲ್ ವಾರ್ಡನ್‌ಗಳು ಊಟದ ಮನೆಯ ಗೋಡೆಗೆ ಒಂದನ್ನು, ಮಲಗುವ ಕೋಣೆಗಳಿಗೆ ಒಂದೊಂದನ್ನು ತೆಗೆದುಕೊಂಡು ಹೋಗಬೇಕೆಂದು ವಿನಂತಿ.