ಒತ್ತಿದರೆ ತಿರುಗಿ ಒತ್ತುವ ರಬ್ಬರ್

ಮಕ್ಕಳೇ, ಚಾವಣಿಯನ್ನು ಮಡಚಿ ಹಿಂದಕ್ಕೆ ಸರಿಸಬಹುದಾದ ಕಾರನ್ನು ನೀವು ಸಿನಿಮಾದಲ್ಲಿ ನೋಡಿರಬಹುದು. ಅದಕ್ಕೆ ಕನ್ವರ್ಟಿಬಲ್ ಎನ್ನುತ್ತಾರೆ. ಜಪಾನಿನ ಮಾಜ್ದಾ ಕಂಪನಿಯ ಎಂಎಕ್ಸ್-5 ಅಂಥದೊಂದು ಪುಟ್ಟ ಕಾರು. 1989ರಲ್ಲಿ ಅಮೆರಿಕದ ಶಿಕಾಗೋ ವಾಹನ ಪ್ರದರ್ಶನದಲ್ಲಿ ಜನ ಅದನ್ನು ಮೊದಲು ಕಂಡರು. ಅಂದಿನ ಎಷ್ಟೋ ಕಾರುಗಳು ಇಂದಿಗೂ ಓಡುತ್ತಿವೆ. ಆದರೆ ಮಳೆ ಬಂದರೆ ಕೆಲವುಗಳ ಒಳಗೆ ಸೀಟು ಒದ್ದೆ!

ಸಾಮಾನ್ಯ ಕಾರಿನ ಚಾವಣಿ ಉಕ್ಕಿನದು. ಅದನ್ನು ಕಂಬಗಳಿಗೆ ಬೆಸೆದಿರುತ್ತಾರೆ. ಕನ್ವರ್ಟಿಬಲ್‌ನಲ್ಲಿ ಚಾವಣಿ ಬೇರೆ, ಮುಂದಿನ ಗಾಜಿನ ಚೌಕಟ್ಟು ಬೇರೆ. ಎಂಎಕ್ಸ್-5ರ ಬಾಗಿಲ ಗಾಜಿಗೆ ಸುತ್ತ ಚೌಕಟ್ಟೂ ಇಲ್ಲ. ಇವೆಲ್ಲ ಕೂಡುವ ಕಡೆ ನೀರನ್ನು ತಡೆಯುವುದು ರಬ್ಬರ್ ಬೀಡಿಂಗ್. ಬಾಗಿಲು ಹಾಕಿದಾಗ ಅದು ಅಮುಕಿಕೊಳ್ಳುತ್ತದೆ. ಮತ್ತೆ ಮೊದಲಿನಂತಾಗಲು ಹೊರಟು ಗಾಜನ್ನು ತಿರುಗಿ ಒತ್ತುತ್ತದೆ. ಆ ಒತ್ತುವಿಕೆಯೇ ನೀರಿಗೆ ಅಡ್ಡಗೋಡೆ. ರಬ್ಬರ್ ಅಲ್ಲಿದ್ದರಷ್ಟೇ ಸಾಲದು, ಅದು ಒತ್ತುತ್ತಿರಬೇಕು.

ರಬ್ಬರಿಗೆ ಈ ಗುಣ ಬಂದದ್ದು ಹೇಗೆ? ಅದರ ಅಣುಗಳು ಬೇಯಿಸಿದ ಶಾವಿಗೆಯ ಹಾಗೆ ಉದ್ದುದ್ದವಾಗಿ, ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ. ಗಂಧಕ ಬೆರೆಸಿ ಕಾಯಿಸಿದರೆ ಆ ಎಳೆಗಳ ನಡುವೆ ಅಲ್ಲಲ್ಲಿ ಗಂಟು ಬೀಳುತ್ತದೆ. ಇದನ್ನು 1839ರಲ್ಲಿ ಕಂಡುಕೊಂಡವರು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್. ಎಳೆದರೆ ಎಳೆಗಳು ನೀಳವಾಗುತ್ತವೆ. ಬಿಟ್ಟರೆ ಗಂಟುಗಳಿರುವುದರಿಂದ ಹಿಂದಿನ ಜಾಗಕ್ಕೇ ಮರಳುತ್ತವೆ.

ನಮ್ಮ ಸುಳ್ಯ, ಪುತ್ತೂರಿನ ತೋಟಗಳಲ್ಲಿ ಮರದ ಹಾಲಿನಿಂದ ಸಿಗುವ ರಬ್ಬರನ್ನು ಗಾಳಿಯಲ್ಲಿರುವ ಓಝೋನ್ ಸುಲಭವಾಗಿ ಕತ್ತರಿಸುತ್ತದೆ. ಆ ಅಣುವಿನ ಉದ್ದಕ್ಕೂ ಓಝೋನ್ ಕೈಹಾಕಬಲ್ಲ ಜೋಡಿಬಂಧಗಳಿವೆ. ಹಾಗಾಗಿ ಈಗ ಬೀಡಿಂಗ್‌ಗಳಿಗೆ ಹೆಚ್ಚಾಗಿ ಇಪಿಡಿಎಂ ಎಂಬ ಕೃತಕ ರಬ್ಬರನ್ನು ಬಳಸುತ್ತಾರೆ. ಅದರ ಬೆನ್ನೆಲುಬಿನಲ್ಲಿ ಜೋಡಿಬಂಧಗಳಿಲ್ಲ. ಬಿಸಿಲಿನ ನೇರಳಾತೀತ ಕಿರಣಗಳನ್ನು ಹೀರಲು ಇಂಗಾಲದ ಕಪ್ಪುಪುಡಿಯನ್ನೂ ಬೆರೆಸುತ್ತಾರೆ.

ಆದರೂ ಅದಕ್ಕೆ ವಯಸ್ಸಾಗುತ್ತದೆ. ವರ್ಷಗಟ್ಟಲೆ ಅಮುಕಿಕೊಂಡೇ ಇದ್ದರೆ, ಬಿಸಿ ಮತ್ತು ಆಮ್ಲಜನಕದಿಂದ ಹಳೆಯ ಗಂಟುಗಳು ಕೆಲವು ಬಿಚ್ಚಿ, ಹೊಸವು ಬೀಳುತ್ತವೆ. ಹೊಸ ಗಂಟುಗಳು ಬಿದ್ದದ್ದು ಚಪ್ಪಟೆಯಾಗಿದ್ದಾಗ! ಆದ್ದರಿಂದ ಚಪ್ಪಟೆಯೇ ಅದರ ಆಕಾರವಾಗಿಬಿಡುತ್ತದೆ. ಇದಕ್ಕೆ ಎಂಜಿನಿಯರುಗಳು ಕಂಪ್ರೆಷನ್ ಸೆಟ್ ಎನ್ನುತ್ತಾರೆ. ಕಾರು ವೇಗವಾಗಿ ಓಡುವಾಗ ಬಟ್ಟೆಯ ಚಾವಣಿಯ ಮೇಲಿನ ಗಾಳಿಯ ಒತ್ತಡ ಇಳಿದು ಬಟ್ಟೆ ಉಬ್ಬುತ್ತದೆ, ಗಾಜೂ ತುಸು ಹೊರಕ್ಕೆ ಸರಿಯುತ್ತದೆ. ಹೊಸ ಬೀಡಿಂಗ್ ಅದರ ಹಿಂದೆಯೇ ಹಿಗ್ಗುತ್ತದೆ. ಹಳೆಯದಕ್ಕೆ ಆಗದು. ಆ ಸಂದಿಯಲ್ಲಿ ಗಾಳಿ ಶಿಳ್ಳೆ ಹಾಕುತ್ತದೆ.

ಪರೀಕ್ಷೆ ಸುಲಭ. ಒಂದು ಕಾಗದದ ಪಟ್ಟಿಯನ್ನು ನಡುವೆ ಇಟ್ಟು ಬಾಗಿಲು ಹಾಕಿ ಎಳೆಯಬೇಕು. ಬಿಗಿಯಿದ್ದರೆ ರಬ್ಬರ್ ಇನ್ನೂ ಒತ್ತುತ್ತಿದೆ. ಜಾರಿ ಬಂದರೆ ಆ ಜಾಗ ಸೋತಿದೆ. ಸೀಟಿನ ಹಿಂಬದಿಯಲ್ಲಿ ಚಾವಣಿಯ ನೀರನ್ನು ಕೆಳಗಿಳಿಸುವ ಕೊಳವೆಗಳನ್ನೂ ನೋಡಬೇಕು. ತರಗೆಲೆ ಕಟ್ಟಿಕೊಂಡಿದ್ದರೆ ಬೀಡಿಂಗ್ ಚೆನ್ನಾಗಿದ್ದರೂ ಕಾರು ಒದ್ದೆಯಾಗುತ್ತದೆ.

ಕೊಳೆ ಕೂತ ಬೀಡಿಂಗನ್ನು ಸೋಪಿನ ನೀರಿನಿಂದ ಒರೆಸಿ, ಒಣಗಿಸಿ, ಸಿಲಿಕೋನ್ ಗ್ರೀಸ್ ಸವರುತ್ತಾರೆ. ಎಂಜಿನ್ ಆಯಿಲ್ ಹಚ್ಚಬಾರದು, ಇಪಿಡಿಎಂ ಅದನ್ನು ಕುಡಿದು ಊದಿಕೊಳ್ಳುತ್ತದೆ. ಸಣ್ಣ ಹರಕನ್ನು ರಬ್ಬರಿಗೆಂದೇ ಇರುವ ಅಂಟಿನಿಂದ ಕೂಡಿಸಬಹುದು. ಚಪ್ಪಟೆಯಾದದ್ದನ್ನು ಬದಲಿಸಲೇಬೇಕು. ಹೊಸದನ್ನು ಕೂರಿಸುವಾಗ ಎಳೆಯಬಾರದು. ಎಳೆದು ಕೂರಿಸಿದ್ದು ಮುಂದೆ ಕುಗ್ಗಿ, ಮೂಲೆಯಲ್ಲಿ ಸಂದಿ ಬಿಡುತ್ತದೆ.

ನೀವೂ ಒಂದು ಪ್ರಯೋಗ ಮಾಡಿ. ಒಂದೇ ಬಗೆಯ ಎರಡು ರಬ್ಬರ್ ಬ್ಯಾಂಡ್ ತೆಗೆದುಕೊಳ್ಳಿ. ಒಂದನ್ನು ಮರದ ತುಂಡಿಗೆ ಬಿಗಿಯಾಗಿ ಎಳೆದು ಹಾಕಿ ತಾರಸಿಯಲ್ಲಿಡಿ, ಇನ್ನೊಂದನ್ನು ಸಡಿಲವಾಗಿ ಡಬ್ಬಿಯಲ್ಲಿಡಿ. ಕೆಲವು ವಾರಗಳಾದ ಮೇಲೆ ಭೂತಗನ್ನಡಿಯಲ್ಲಿ ನೋಡಿ. ತಾರಸಿಯದರಲ್ಲಿ ಬಿರುಕು ಬಿಟ್ಟಿದ್ದರೆ, ಅವು ಎಳೆದ ದಿಕ್ಕಿಗೆ ಅಡ್ಡಡ್ಡವಾಗಿರುತ್ತವೆ. ಎಳೆತದಲ್ಲಿರುವ ಅಣು ತುಂಡಾದರೆ ಅದರ ಎರಡು ತುದಿಗಳೂ ದೂರ ಸರಿಯುತ್ತವೆ, ಬಿರುಕು ಬಾಯಿ ತೆರೆಯುತ್ತದೆ. ಬೀಡಿಂಗನ್ನು ಎಳೆಯದೆ ಕೂರಿಸಬೇಕೆಂಬುದಕ್ಕೆ ಇದು ಎರಡನೆಯ ಕಾರಣ.