ಕುಡಿತ ಬಿಡಲು ತೌಬಾದ ಜೊತೆ ಚಿಕಿತ್ಸೆಯೂ ಬೇಕು

(ಅಂಜನಾಪುರದಲ್ಲಿ ನೀಡಿದ ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ), ಅವರ ಕುಟುಂಬ ಮತ್ತು ಅನುಚರರ ಮೇಲೆ ಅಲ್ಲಾಹನ ಕೃಪೆ, ಶಾಂತಿ ಇರಲಿ.



ಮದ್ಯ ಹರಾಮ್ ಎಂಬುದು ಇಲ್ಲಿ ಕುಳಿತಿರುವ ಮಕ್ಕಳಿಗೂ ಗೊತ್ತು. ಇವತ್ತು ಅದನ್ನು ಸಾಬೀತುಪಡಿಸಬೇಕಾಗಿಲ್ಲ. ಹರಾಮ್ ಎಂದು ಗೊತ್ತಿದ್ದೂ ಬಿಡಲಾಗದೆ ಒದ್ದಾಡುವವರು ನಮ್ಮ ನಡುವೆಯೂ ಇದ್ದಾರೆ. ನಾಲ್ಕು ಜನರಿಗೆ ತಿಳಿದರೆ ಮಗಳ ನಿಕಾಹ್ ಹೇಗೆ ಎಂಬ ಭಯದಲ್ಲಿ ಅವರ ಮನೆಯವರು ಬಾಯಿ ಮುಚ್ಚಿಕೊಂಡಿದ್ದಾರೆ. ಇವತ್ತಿನ ಮಾತು ಅವರಿಗಾಗಿ.

ಪವಿತ್ರ ಕುರ್‌ಆನ್ ಮದ್ಯವನ್ನು ಒಂದೇ ದಿನದಲ್ಲಿ ನಿಷೇಧಿಸಲಿಲ್ಲ. ಅದರ ಲಾಭಕ್ಕಿಂತ ಪಾಪವೇ ದೊಡ್ಡದೆಂದು ಅಲ್‌ಬಕರದ 219ನೇ ವಚನ ತಿಳಿಸಿತು. ಅಮಲಿನಲ್ಲಿ ನಮಾಝ್‌ನ ಬಳಿಗೆ ಬರಬಾರದೆಂದು ಅನ್ನಿಸಾದ 43ನೇ ವಚನ ತಡೆಯಿತು. ಕೊನೆಗೆ ಅಲ್‌ಮಾಇದದ 90 ಮತ್ತು 91ನೇ ವಚನಗಳಲ್ಲಿ ಪೂರ್ಣ ನಿಷೇಧ ಬಂತು. ಈ ನಿಷೇಧದಲ್ಲಿ ಇಂದು ಯಾರಿಗೂ ರಿಯಾಯಿತಿ ಇಲ್ಲ. ಆದರೆ ಮನುಷ್ಯನ ಅಭ್ಯಾಸ ಎಷ್ಟು ಆಳಕ್ಕೆ ಬೇರು ಬಿಡುತ್ತದೆ ಎಂಬುದನ್ನು ಅವನನ್ನು ಸೃಷ್ಟಿಸಿದವನು ಬಲ್ಲನು.

ಪ್ರವಾದಿ(ಸ)ರ ಕಾಲದಲ್ಲಿ ಅಬ್ದುಲ್ಲಾ ಎಂಬ ಒಬ್ಬರಿದ್ದರು. ಪ್ರವಾದಿ(ಸ)ರನ್ನು ನಗಿಸುತ್ತಿದ್ದವರು. ಕುಡಿದ ಕಾರಣಕ್ಕೆ ಮತ್ತೆ ಮತ್ತೆ ಶಿಕ್ಷೆಗೆ ಒಳಗಾದರು. ಒಮ್ಮೆ ಯಾರೋ ಅವರನ್ನು ಶಪಿಸಿದಾಗ ಪ್ರವಾದಿ(ಸ) ತಡೆದು, ಅವರು ಅಲ್ಲಾಹನನ್ನೂ ಅವನ ಸಂದೇಶವಾಹಕರನ್ನೂ ಪ್ರೀತಿಸುತ್ತಾರೆ ಎಂದು ಹೇಳಿದ್ದನ್ನು ಇಮಾಮ್ ಬುಖಾರಿ ವರದಿ ಮಾಡಿದ್ದಾರೆ. ಶಿಕ್ಷೆ ಕೊಡಿಸಿದವರೇ ಶಾಪವನ್ನು ತಡೆದರು. ನಾವು ಇದಕ್ಕೆ ತದ್ವಿರುದ್ಧವಾಗಿ ಶಾಪ ಹಾಕಿ ಕೈ ತೊಳೆದುಕೊಳ್ಳುತ್ತೇವೆ.

ಸಹೋದರರೇ, ಈ ಮಾತನ್ನು ವಿಶೇಷವಾಗಿ ಗಮನಿಸಿ. ರಮಝಾನ್ ಹತ್ತಿರ ಬಂದಾಗ ಹಲವರು ತೌಬಾ ಮಾಡಿ ಒಮ್ಮೆಲೇ ಕುಡಿತ ನಿಲ್ಲಿಸುತ್ತಾರೆ. ಸಂಕಲ್ಪ ಒಳ್ಳೆಯದೇ. ಆದರೆ ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದ ಶರೀರಕ್ಕೆ ಇದ್ದಕ್ಕಿದ್ದಂತೆ ಮದ್ಯ ಸಿಗದಿದ್ದರೆ ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು, ವಾಂತಿ, ನಿದ್ರಾಹೀನತೆ ಶುರುವಾಗುತ್ತದೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಕೇಳಿಸುತ್ತದೆ, ಮನೆಯವರ ಗುರುತೇ ಸಿಗುವುದಿಲ್ಲ. ಇದು ಪ್ರಾಣಕ್ಕೇ ಅಪಾಯ. ಜಿನ್ನ್ ಹಿಡಿದಿದೆ ಎಂದು ತಾವೀಝ್ ಕಟ್ಟಿಸಲು ಓಡಾಡಬೇಡಿ. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ದುಆ ಮಾಡಿ, ಆದರೆ ಆಂಬುಲೆನ್ಸ್‌ನಲ್ಲಿ ಕುಳಿತು ಮಾಡಿ. ಬಿಡಲು ನಿರ್ಧರಿಸಿದವರು ರಮಝಾನ್‌ಗೆ ಕೆಲವು ವಾರ ಮೊದಲೇ ವೈದ್ಯರನ್ನು ಕಾಣಲಿ. ಚಿಕಿತ್ಸೆಯ ದಿನಗಳಲ್ಲಿ ಉಪವಾಸ ಹಿಡಿಯಲಾಗದಿದ್ದರೆ ರೋಗಿಗೆ ವಿನಾಯಿತಿ ಇದೆ, ಅದನ್ನು ಆಮೇಲೆ ಪೂರೈಸಬಹುದು.

ಚಿಕಿತ್ಸೆ ಎಂದರೇನು? ಮೊದಲ ಹಂತದಲ್ಲಿ ನಡುಕ, ಫಿಟ್ಸ್ ತಡೆಯುವ ಮಾತ್ರೆಯನ್ನು ಕೆಲವು ದಿನ ಕೊಟ್ಟು ಕ್ರಮೇಣ ಕಡಿಮೆ ಮಾಡುತ್ತಾರೆ. ಜೊತೆಗೆ ಥಯಾಮಿನ್ ಎಂಬ ವಿಟಮಿನ್ ಕೊಡುತ್ತಾರೆ. ಇಷ್ಟಕ್ಕೇ ಗುಣವಾಯಿತೆಂದು ಮನೆಗೆ ಬಂದವರೇ ಮತ್ತೆ ಜಾರುವುದು ಹೆಚ್ಚು. ನಿಜವಾದ ಕೆಲಸ ಎರಡನೇ ಹಂತದ್ದು. ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಔಷಧಗಳು ಕುಡಿಯುವ ತವಕವನ್ನು ತಗ್ಗಿಸುತ್ತವೆ. ಯಾವ ಹೊತ್ತು, ಯಾವ ಸ್ನೇಹ, ಯಾವ ದುಃಖ ತನ್ನನ್ನು ಬಾಟಲಿಯತ್ತ ಎಳೆಯುತ್ತದೆ ಎಂದು ಗುರುತಿಸಿ ಎದುರಿಸುವುದನ್ನು ಆಪ್ತಸಲಹೆಯಲ್ಲಿ ಕಲಿಸುತ್ತಾರೆ. ಇದು ತಿಂಗಳುಗಟ್ಟಲೆ ನಡೆಯಬೇಕು.

ತಾಯಂದಿರಿಗೂ ಸಹೋದರಿಯರಿಗೂ ಒಂದು ಎಚ್ಚರಿಕೆ. ಡೈಸಲ್ಫಿರಾಮ್ ಎಂಬ ಮಾತ್ರೆ ತೆಗೆದುಕೊಂಡು ಕುಡಿದರೆ ವಾಂತಿಯಾಗುತ್ತದೆ, ಎದೆ ಬಡಿತ ಏರುತ್ತದೆ, ರಕ್ತದೊತ್ತಡ ಕುಸಿಯಬಹುದು. ಅದನ್ನು ರೋಗಿಗೆ ತಿಳಿಯದಂತೆ ಊಟದಲ್ಲಿ ಬೆರೆಸಬೇಡಿ. ಜೀವಕ್ಕೇ ಕುತ್ತು ಬರಬಹುದು.

ಎಲ್ಲಿಗೆ ಹೋಗಬೇಕು? ಇಡೀ ದೇಶದವರು ಹುಡುಕಿಕೊಂಡು ಬರುವ ಆಸ್ಪತ್ರೆ ನಮ್ಮ ಊರಿನಲ್ಲೇ ಇದೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಸಿಲ್ಕ್ ಇನ್‌ಸ್ಟಿಟ್ಯೂಟ್ ನಿಲ್ದಾಣದಲ್ಲಿ ಮೆಟ್ರೋ ಹತ್ತಿ ಜಯನಗರದಲ್ಲಿ ಇಳಿದರೆ ಅಲ್ಲಿಂದ ಆಟೋದ ದಾರಿ. ಹೋಗಲು ಸಂಕೋಚವಾದರೆ 14416ಕ್ಕೆ ಕರೆ ಮಾಡಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಈ ಉಚಿತ ಸೇವೆಯಲ್ಲಿ ಹಗಲು ರಾತ್ರಿ ಕನ್ನಡದಲ್ಲಿ ಮಾತನಾಡಬಹುದು. ಖಾಸಗಿ ಕೇಂದ್ರಕ್ಕೆ ಸೇರಿಸುವುದಾದರೆ ಅದು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿದೆಯೇ ಎಂದು ಕೇಳಿ. ಹೊಡೆದು, ಕಟ್ಟಿಹಾಕಿ ಬಿಡಿಸುತ್ತೇವೆ ಎನ್ನುವ ಕಡೆ ನಿಮ್ಮ ಮಗನನ್ನು ಬಿಟ್ಟು ಬರಬೇಡಿ.

ಪಾಪವನ್ನು ಇನ್ನೊಬ್ಬರ ಮುಂದೆ ಹೇಳಬಾರದಲ್ಲವೇ ಎಂದು ಕೆಲವರು ಕೇಳುತ್ತಾರೆ. ಜಂಬದಿಂದ ಹೇಳಿಕೊಳ್ಳುವುದು ಬೇರೆ, ಗುಣವಾಗಲೆಂದು ವೈದ್ಯರಿಗೆ ಹೇಳುವುದು ಬೇರೆ. ಅಲ್ಲಾಹನು ಔಷಧಿಯಿಲ್ಲದ ಕಾಯಿಲೆಯನ್ನು ಇಳಿಸಿಲ್ಲವೆಂದು ಪ್ರವಾದಿ(ಸ) ಕಲಿಸಿದ್ದಾರೆ. ರೋಗಿಯ ವಿಷಯವನ್ನು ಗುಟ್ಟಾಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಹೇಳುತ್ತದೆ.

ಕೊನೆಯದಾಗಿ ಜಮಾಅತ್‌ಗೆ ಒಂದು ಮಾತು. ಚಿಕಿತ್ಸೆ ಮುಗಿಸಿ ಬಂದವನು ಮಸೀದಿಯ ಸಫ್‌ನಲ್ಲಿ ನಿಂತಾಗ ಪಿಸುಮಾತು ಬೇಡ. ಸಲಾಮ್ ಹೇಳಿ, ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಅವನು ಮತ್ತೊಮ್ಮೆ ಜಾರಿದರೆ ಮತ್ತೊಮ್ಮೆ ಆಸ್ಪತ್ರೆಗೆ ಜೊತೆಯಾಗಿ ಹೋಗಿ. ಸಂಜೆಯ ಹೊತ್ತು ಅವನಿಗೆ ಕಷ್ಟದ ಹೊತ್ತು. ಮಗ್ರಿಬ್ ಆದ ಮೇಲೆ ಅವನ ಜೊತೆ ಒಂದು ಲೋಟ ಚಹಾ ಕುಡಿಯುವ ಗೆಳೆಯ ನೀವಾಗಿ.

ಅಲ್ಲಾಹನು ನಮ್ಮ ಮನೆಗಳನ್ನು ಈ ಕೆಡುಕಿನಿಂದ ರಕ್ಷಿಸಲಿ, ಸಿಲುಕಿದವರಿಗೆ ಶಿಫಾ ನೀಡಲಿ, ಅವರ ತೌಬಾ ಸ್ವೀಕರಿಸಲಿ. ಆಮೀನ್.