ಶೀಟ್‌ನಲ್ಲಿ ಇಲ್ಲದ ಕಾಲಂ: ನಮ್ಮ ಒಂದು ದಿನದ ಟ್ರಿಪ್

ಇವತ್ತು ನಮ್ಮ ಮನೆಯವರ ಒಂದು ದಿನದ ಟ್ರಿಪ್ ಕಥೆ ಹೇಳ್ತೀನಿ. ಅಕ್ಕನ್ನ ಕೇಳಿ, ಅವಳು ಹೂಂ ಅಂದ ಮೇಲೇ ಹೇಳ್ತಿದ್ದೀನಿ.

ಅಪ್ಪ, ಅಮ್ಮ, ದೊಡ್ಡಮ್ಮ, ಅಕ್ಕ, ಭಾವ, ನಾನು. ಅಮ್ಮನಿಗೆ ಸಮುದ್ರ ನೋಡೋ ಆಸೆ. ಬೆಂಗಳೂರಿಂದ ಒಂದೇ ದಿನದಲ್ಲಿ ಅದು ಆಗದ ಮಾತು. ಸರಿ, ಸಮುದ್ರದ ಬದಲು ಕನಕಪುರದ ಕಡೆ ಸಂಗಮ ಅಂತ ತೀರ್ಮಾನ ಮಾಡಿದ್ವಿ. ಬಿ.ಕಾಂ ಬುದ್ಧಿ ನೋಡಿ, ಎಕ್ಸೆಲ್ ಶೀಟ್ ಮಾಡ್ದೆ. ಅಪ್ಪ ಮಾಗಡಿ ಹತ್ತಿರದ ಕೆಂಪಾಪುರ ಸೇರಿಸು ಅಂದ್ರು. ಕೆಂಪೇಗೌಡರ ಸಮಾಧಿ ಅಂತ 2015ರಲ್ಲಿ ಗುರುತಿಸಿದ ಜಾಗ ಅದು. ಆದ್ರೆ ಮಾಗಡಿ ಒಂದು ದಿಕ್ಕು, ಕನಕಪುರ ಇನ್ನೊಂದು ದಿಕ್ಕು. ಬಿಟ್ವಿ. ದೊಡ್ಡಮ್ಮ ಫೋನ್ ಮಾಡಿ ದೊಡ್ಡಮಳೂರು ಸೇರಿಸು ಅಂದ್ರು. ಸೇರಿಸ್ದೆ. ಯಾಕೆ ಅಂತ ಕೇಳಲಿಲ್ಲ. ತಪ್ಪಾಗಿದ್ದು ಅಲ್ಲೇ.

ಬೆಳಿಗ್ಗೆ ಬಿಡದಿಲಿ ತಟ್ಟೆ ಇಡ್ಲಿ. ರಾಮನಗರದ ಬಂಡೆಗಳು ಕಂಡ ತಕ್ಷಣ ಭಾವ 1975ರ 'ಶೋಲೆ' ಡೈಲಾಗ್ ಶುರು ಮಾಡಿದ್ರು. ಅದೇ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ವನ್ಯಧಾಮ. ಮೆಟ್ಟಿಲು ಹತ್ತೋಕೆ ದೊಡ್ಡಮ್ಮನ ಮಂಡಿ ಒಪ್ಪಲ್ಲ, ಮುಂದೆ ಹೋದ್ವಿ.

ಚನ್ನಪಟ್ಟಣ ದಾಟಿ ಮೈಸೂರು ರಸ್ತೆಯಲ್ಲೇ ಸ್ವಲ್ಪ ದೂರ ಹೋದ್ರೆ ದೊಡ್ಡಮಳೂರು. ಅಪ್ರಮೇಯಸ್ವಾಮಿ ದೇವಸ್ಥಾನ. ಅಲ್ಲೇ ಅಂಬೆಗಾಲು ಕೃಷ್ಣನ ಗುಡಿ. ಪುರಂದರದಾಸರು 'ಜಗದೋದ್ಧಾರನ' ಹಾಡಿದ್ದು ಇಲ್ಲೇ ಅನ್ನೋದು ನಂಬಿಕೆ. ಮಕ್ಕಳು ಬೇಕು ಅನ್ನೋರು ಇಲ್ಲಿ ತೊಟ್ಟಿಲ ಹರಕೆ ಹೊರ್ತಾರೆ.

ದೊಡ್ಡಮ್ಮ ಬ್ಯಾಗಿಂದ ಪುಟ್ಟ ತೊಟ್ಟಿಲು ತೆಗೆದ್ರು. "ತಗೊಳೇ, ಕೈ ಮುಗಿದು ಒಪ್ಪಿಸು."

ಅಕ್ಕನಿಗೆ ಮದುವೆಯಾಗಿ ಏಳು ವರ್ಷ. ಎರಡು ಸಲ ಗರ್ಭ ಉಳಿಯಲಿಲ್ಲ. ನಮ್ಮನೇಲಿ ಯಾರೂ ಬಾಯಿ ಬಿಟ್ಟು ಆ ಮಾತಾಡಿದ್ದಿಲ್ಲ. ಅಕ್ಕ ಮೆಲ್ಲಗೆ ಅಂದ್ಲು: "ದೇವರ ಹತ್ರ ಕೇಳೋದು ನಂಗೂ ಗೊತ್ತು ದೊಡ್ಡಮ್ಮ. ನಾವಿಬ್ರೇ ಬಂದಾಗ ಕೇಳ್ಕೋತೀವಿ. ಎಲ್ರೂ ನೋಡ್ತಾ ನಿಂತಿರುವಾಗ ಬೇಡ." ಭಾವ ಅವಳ ಪಕ್ಕ ಹೋಗಿ ನಿಂತ್ರು. ತೊಟ್ಟಿಲು ವಾಪಸ್ ಬ್ಯಾಗಿಗೆ ಹೋಯ್ತು.

ಚನ್ನಪಟ್ಟಣಕ್ಕೆ ವಾಪಸ್ ಬಂದು ಬೊಂಬೆ ಮಾಡೋ ಜಾಗಕ್ಕೆ ಹೋದ್ವಿ. ಕಾರಲ್ಲಿ ಒಬ್ರೂ ಮಾತಿಲ್ಲ. ಆಲೆ ಮರದ ತುಂಡು ಲೇತಲ್ಲಿ ತಿರುಗ್ತಿರುತ್ತೆ, ಬಣ್ಣದ ಅರಗಿನ ಕಡ್ಡಿ ಒತ್ತಿದ್ರೆ ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ಕೊಳ್ಳುತ್ತೆ. ಈ ಬೊಂಬೆಗಳಿಗೆ ಜಿಐ ಟ್ಯಾಗ್ ಇದೆ. "ಮನೇಲಿ ಮಕ್ಕಳು ಎಷ್ಟು ವಯಸ್ಸಿನವ್ರು?" ಅಂತ ಅಂಗಡಿಯವರು ಕೇಳಿದ್ರು. ಅಮ್ಮ ತಲೆ ತಗ್ಗಿಸಿದ್ರು. ಅಕ್ಕ ನಕ್ಕು, "ನನಗೇ ಅಣ್ಣ" ಅಂತ ಒಂದು ಬುಗುರಿ ತಗೊಂಡ್ಲು.

ಮಧ್ಯಾಹ್ನ ಸಂಗಮ. ನಂದಿ ಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿ ಇಲ್ಲಿ ಕಾವೇರಿ ಸೇರ್ತಾಳೆ. ಮೇಕೆದಾಟು ಇನ್ನೂ ಸುಮಾರು 4 ಕಿಲೋಮೀಟರ್ ಮುಂದೆ. ಒಂದು ಮಾತು, ಅಲ್ಲಿ ನೀರಿಗೆ ಇಳೀಬೇಡಿ. ಸುಳಿಗೆ ಸಿಕ್ಕಿ ಪ್ರಾಣ ಕಳ್ಕೊಂಡವರಿದ್ದಾರೆ.

ದಡದಲ್ಲಿ ಅಕ್ಕ, ದೊಡ್ಡಮ್ಮ ಕಡ್ಲೆಕಾಯಿ ತಿಂತಾ ಕೂತಿದ್ರು. ದೊಡ್ಡಮ್ಮ ಹೇಳಿದ್ದು ನನಗೂ ಕೇಳಿಸ್ತು: "ನಮ್ಮತ್ತೆ ನನ್ನನ್ನೂ ಹೀಗೇ ಗುಡಿಗುಡಿ ಸುತ್ಸಿದ್ರು ಕಣೇ. ಬೇಡ ಅನ್ನೋ ಧೈರ್ಯ ನಂಗಿರ್ಲಿಲ್ಲ." ಅಕ್ಕ ಏನೂ ಅನ್ನಲಿಲ್ಲ. ಬುಗುರಿ ತೆಗೆದು ದೊಡ್ಡಮ್ಮನ ಕೈಗೆ ಕೊಟ್ಲು.

ನನ್ನ ಶೀಟಲ್ಲಿ ಕಿಲೋಮೀಟರ್ ಇತ್ತು, ಟೈಮ್ ಇತ್ತು, ಪೆಟ್ರೋಲ್ ಖರ್ಚಿತ್ತು. ಯಾರಿಗೆ ಯಾವ ಜಾಗಕ್ಕೆ ಹೋದ್ರೆ ನೋವಾಗುತ್ತೆ ಅನ್ನೋ ಕಾಲಂ ಇರಲಿಲ್ಲ. ಮನೆಯವರ ಜೊತೆ ಹೊರಡೋ ಮುಂಚೆ ಅದನ್ನ ಕೇಳಿ. ಗ್ರೂಪಲ್ಲಿ ಅಲ್ಲ, ಒಬ್ಬೊಬ್ಬರನ್ನೇ.

ಮುಂದಿನ ತಿಂಗಳು ಅಪ್ಪನ ಮಾಗಡಿ. ಈ ಸಲ ಅಕ್ಕನ್ನ ಮೊದಲೇ ಕೇಳ್ದೆ. "ಸಾವನದುರ್ಗಾನೂ ಸೇರಿಸು, ನಾನು ಹತ್ತಬೇಕು" ಅಂದ್ಲು.

ನಿಮ್ಮ ಮನೆಯ ಟ್ರಿಪ್ ಕಥೆ ಇದ್ರೆ ವಾಯ್ಸ್ ನೋಟ್ ಕಳಿಸಿ. ಮತ್ತೆ ಸಿಗೋಣ.